ಕೈ ಎತ್ತುವ ಹೊತ್ತು

ಹೊಳೆಯ ದಂಡೆಯ ಆಶ್ರಮದಲ್ಲಿ ಚಿಕ್ಕ ಮಕ್ಕಳಿಗೊಂದು ಶಾಲೆ ಇತ್ತು. ಅಲ್ಲಿ ಮೂರನೇ ತರಗತಿಯವರು ಪದ್ಯವನ್ನು ಕೂತು ಓದುತ್ತಿರಲಿಲ್ಲ. ಯೋಗಾಸನ ಮಾಡುತ್ತಾ, ಮೈಯೆಲ್ಲ ಬಳಸಿ ಓದುತ್ತಿದ್ದರು.

ಆ ಪಾಠವನ್ನು ಕಟ್ಟಿದವರು ಕಾಂತಕ್ಕ. ಇಪ್ಪತ್ತೆರಡು ವರ್ಷ ಕಲಿಸಿದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು.

ಅವರ ಜಾಗಕ್ಕೆ ಬಂದವಳು ಶಾಂಭವಿ. ಒಂದು ಕಾಲಕ್ಕೆ ಅದೇ ಕೋಣೆಯಲ್ಲಿ, ಕಾಂತಕ್ಕನ ಮುಂದೆ ಒಂಟಿ ಕಾಲಲ್ಲಿ ನಿಂತು ಕಲಿತವಳು.

ಎರಡು ತಿಂಗಳಾದ ಮೇಲೆ ಅವಳು ಗುರು ಅಡವಯ್ಯನವರ ಮುಂದೆ ಬಂದು ಕೂತಳು. ಕಾಂತಕ್ಕನಿಗೂ ಅವಳಿಗೂ ಯೋಗ ಹೇಳಿಕೊಟ್ಟವರು ಅವರೇ. ಅವರ ಬಾಯಲ್ಲಿ ಕಾಂತಕ್ಕ ಬರೀ 'ಕಾಂತಿ'.

"ಗುರುಗಳೇ, ಆ ತರಗತಿ ನನ್ನಿಂದ ಆಗಲ್ಲ. ಬೇರೆ ಯಾರಿಗಾದರೂ ಕೊಡಿ."

"ಏನಾಯ್ತು?"

"ಮಕ್ಕಳು ಪದ್ಯ ನುಂಗ್ತಾರೆ."

"ಹಸಿವಿರಬೇಕು."

ಶಾಂಭವಿ ನಗಲಿಲ್ಲ.

"ಬೇರೆ ಯಾರಿಗೆ ಬರುತ್ತಮ್ಮ ಅದು?" ಎಂದರು ಗುರುಗಳು. "ನೀನು ಬಿಟ್ಟರೆ ಕಾಂತಿಯ ಪಾಠ ಅಲ್ಲಿಗೆ ಮುಗೀತು. ನಡೆ, ನೋಡೋಣ."

ಮಕ್ಕಳು ಸಾಲಾಗಿ ಒಂಟಿ ಕಾಲಲ್ಲಿ ನಿಂತರು. ಕೊಕ್ಕರೆಯ ಪದ್ಯ. ಕೈ ಮೇಲೆತ್ತುವಾಗ ಒಂದು ಸಾಲು, ಇಳಿಸುವಾಗ ಒಂದು ಸಾಲು.

"ಹೊಳೆಯ ನಡುವೆ ಒಂಟಿ ಕಾಲಲಿ..."

ಕೈಗಳು ಎದ್ದವು. ಸಾಲು ಅರ್ಧಕ್ಕೇ ಗಂಟಲಲ್ಲಿ ಸಿಕ್ಕಿಕೊಂಡಿತು. ಇಬ್ಬರು ಕೆಮ್ಮಿದರು. ಒಬ್ಬ ಪಕ್ಕದವನ ಮೇಲೆ ವಾಲಿದ.

ಮುಂದಿನ ಸಾಲಿನ ಭುವನಾ ಕಾಲು ಇಳಿಸಿಬಿಟ್ಟಳು. "ಟೀಚರ್, ಕಾಂತಕ್ಕ ಹೀಗೆ ಮಾಡಿಸ್ತಿರಲಿಲ್ಲ."

"ಹೇಗೆ ಮಾಡಿಸ್ತಿದ್ರು?" ಎಂದು ಗುರುಗಳು ಕೇಳಿದರು.

"ಗೊತ್ತಿಲ್ಲ ಅಜ್ಜಾರೇ. ಹೀಗಲ್ಲ."

ಗುರುಗಳು ಶಾಂಭವಿಯ ಕಡೆ ತಿರುಗಿದರು. "ನೀನು ಮಾಡು. ಕೈ ಎತ್ತುತ್ತಾ ಉಸಿರು ಎಳೆದುಕೋ. ಎಳೆದುಕೊಳ್ಳುತ್ತಲೇ ಓದು."

ಶಾಂಭವಿ ಕೈ ಎತ್ತಿದಳು. ಮೂರನೆಯ ಪದಕ್ಕೆ ಅವಳಿಗೂ ಕೆಮ್ಮು ಬಂತು. ಮಕ್ಕಳು ನಕ್ಕರು.

"ಉಸಿರು ತಗೊಳ್ಳುವಾಗ ಮಾತು ಹೊರಡಲ್ಲ. ಇದು ನಿನಗೆ ಗೊತ್ತಿಲ್ಲದ್ದೇನೂ ಅಲ್ಲ. ಕಾಂತಿ ಹೇಗೆ ಮಾಡಿಸ್ತಿದ್ದಳು?"

ಶಾಂಭವಿ ಎತ್ತಿದ ಕೈ ಇಳಿಸಿದಳು.

"ಕೈ ಎತ್ತುವಾಗ ಎಲ್ಲರೂ ಸುಮ್ಮನಿರ್ತಿದ್ವಿ. ಇಳಿಸುವಾಗ ಮಾತ್ರ ಓದ್ತಿದ್ವಿ. ಮೀನಿಗೆ ಕೇಳಿಸಬಾರದು ಅನ್ನೋ ಹಾಗೆ, ಮೆಲ್ಲಗೆ."

ಅವಳಿಗೆ ಆ ಬೆಳಗುಗಳೆಲ್ಲ ಕಣ್ಣ ಮುಂದೆ ಬಂದವು. ಮೂವತ್ತು ಜೊತೆ ಕೈಗಳು ಒಟ್ಟಿಗೆ ಏಳುತ್ತಿದ್ದವು. ಕೋಣೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಕಾಂತಕ್ಕನ ಗಾಜಿನ ಬಳೆಗಳು ಮಾತ್ರ ಕಿಣಿಕಿಣಿ ಎನ್ನುತ್ತಾ ಮುಂಗೈಯಿಂದ ಮೊಣಕೈಗೆ ಜಾರುತ್ತಿದ್ದವು. ಆ ಸದ್ದು ನಿಂತಿತೆಂದರೆ ಪದ್ಯ ಶುರು.

"ಗೊತ್ತಿದ್ದೂ ಯಾಕೆ ಬದಲಾಯಿಸಿದೆ?"

"ಆ ಸುಮ್ಮನಿರೋ ಹೊತ್ತು ನನಗೆ ತಡೆಯೋಕಾಗಲ್ಲ, ಗುರುಗಳೇ." ಅವಳ ದನಿ ಮಕ್ಕಳಿಗೆ ಕೇಳಿಸದಷ್ಟು ಸಣ್ಣದಾಗಿತ್ತು. "ಕೈ ಎತ್ತಿದ ಕೂಡಲೇ ಅವರ ಬಳೆ ಸದ್ದಿಗೆ ಕಾಯ್ತೀನಿ. ಬರಲ್ಲ. ಅದಕ್ಕೇ ಅಲ್ಲೂ ಒಂದು ಸಾಲು ತುಂಬಿಬಿಟ್ಟೆ."

ಗುರುಗಳು ಮೇಲುಹೊದಿಕೆಯನ್ನು ಕಿಟಕಿಯ ಮೇಲಿಟ್ಟು, ಭುವನಾಳ ಪಕ್ಕ ಹೋಗಿ ನಿಂತರು. ಒಂದು ಕಾಲು ಮಡಚಿದರು.

"ಬೀಳ್ತೀರಿ ಅಜ್ಜಾರೇ," ಎಂದಳು ಭುವನಾ.

"ಬಿದ್ದರೆ ಎತ್ತು. ಶಾಂಭವಿ, ಕಾಂತಿ ಮಾಡಿಸಿದ ಹಾಗೇ ಮಾಡಿಸು."

ಶಾಂಭವಿ ಕೈ ಎತ್ತಿದಳು. ಮಕ್ಕಳೂ ಎತ್ತಿದರು. ಗುರುಗಳ ಕೈ ಎಲ್ಲರಿಗಿಂತ ನಿಧಾನವಾಗಿ ಮೇಲೇರಿತು.

ಯಾರೂ ಮಾತಾಡಲಿಲ್ಲ. ಹೊರಗೆ ಹೊಳೆ ಹರಿಯುತ್ತಿತ್ತು. ಯಾರೋ ಒಬ್ಬರು ಮೂಗು ಸೊರ್ರೆಂದು ಎಳೆದರು.

ಶಾಂಭವಿ ಕಾದಳು. ಕೈ ಸೋತರೂ ಕಾದಳು. ಕಣ್ಣು ತುಂಬಿ ಮಕ್ಕಳೆಲ್ಲ ಮಸುಕಾದರು.

"ಗುರುಗಳೇ," ಎಂದಳು, "ಏನೂ ಕೇಳಿಸ್ತಿಲ್ಲ."

ಗುರುಗಳು ಎತ್ತಿದ ಕೈ ಇಳಿಸಲಿಲ್ಲ.

"ನನಗೂ ಕೇಳಿಸ್ತಿಲ್ಲಮ್ಮ. ಈಗ ಓದು."