ಹುತ್ತದಿಂದ ಬಂದ ತುಪ್ಪ

ಕಾಡಿನ ನಡುವೆ ಒಂದು ಕೊಳ. ಕೊಳದ ಈ ದಡದ ಮತ್ತಿಮರದ ಪೊಟರೆಯಲ್ಲಿ ಜೇನುನೊಣಗಳ ಒಂದು ದೊಡ್ಡ ಸಂಸಾರ. ಆ ದಡದ ಹುತ್ತದಲ್ಲಿ ಇನ್ನೊಂದು. ಎರಡು ಮನೆಗಳಿಗೂ ಮಾತುಕತೆ ಇರಲಿಲ್ಲ. ಹೂವಿನ ಮೇಲೆ ಎದುರಾದರೂ ಮುಖ ತಿರುಗಿಸುತ್ತಿದ್ದರು.

ಮತ್ತಿಮರದ ಬಾಗಿಲು ಕಾಯುತ್ತಿದ್ದವಳು ಚೌಡಿ. ಅವಳಿಗೆ ಎಲ್ಲರ ಮೇಲೂ ಅನುಮಾನ. ಯಾರೇ ಬರಲಿ, ಕುಡಿಮೀಸೆ ಚಾಚಿ ಮೂಸುತ್ತಿದ್ದಳು. ಮನೆಯ ವಾಸನೆ ಇದ್ದರೆ ಒಳಗೆ. ಇಲ್ಲದಿದ್ದರೆ ಕಚ್ಚಿ ಹೊರಗೆ. ಗಾಳಿಗೆ ಸಿಕ್ಕಿ ದಾರಿ ತಪ್ಪಿದ ಎಳೆಯ ನೊಣವನ್ನೂ ಅವಳು ಒಳಗೆ ಬಿಟ್ಟವಳಲ್ಲ.

ಆಷಾಢದ ಗಾಳಿಗೆ ಕಾಡಿನ ಹೂವೆಲ್ಲ ಉದುರಿದ್ದವು. ಆಗ ಮಾಚಿ ಎಂಬ ಇರುವೆ ಏದುಸಿರು ಬಿಡುತ್ತ ಮರ ಹತ್ತಿ ಬಂದಳು.

"ಚೌಡವ್ವಾ, ಹುತ್ತದ ಮನೆ ಹಾಳಾಯಿತು! ಮರಿಗಳೆಲ್ಲ ನೀರುಚೀಲದ ಹಾಗೆ ಊದಿಕೊಂಡು ಸತ್ತಿವೆ. ನಿಮ್ಮವರನ್ನು ಆ ಕಡೆ ಕಳಿಸಬೇಡ."

"ನಿನಗೇನಿತ್ತು ಅಲ್ಲಿ ಕೆಲಸ?"

"ನಾನು ಇರುವೆ ಕಣವ್ವ. ಸತ್ತವರ ಮನೆಗೆ ಮೊದಲು ಹೋಗುವವರು ನಾವೇ."

"ಓಹೋ! ನಮ್ಮನ್ನು ಹೆದರಿಸಿ, ಅಲ್ಲಿರುವ ಜೇನುತುಪ್ಪವನ್ನು ಒಬ್ಬಳೇ ನೆಕ್ಕುವ ಉಪಾಯ. ಇಳಿಯೇ ಕೆಳಗೆ!" ಎಂದು ಚೌಡಿ ರೆಕ್ಕೆ ಬೀಸಿ, ಆ ಗಾಳಿಗೇ ಮಾಚಿಯನ್ನು ಉರುಳಿಸಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಮೇವು ತರುವ ಹಿರಿಯಳು ಜಾಜಿ, ಹೊಟ್ಟೆ ಬಿರಿಯುವಷ್ಟು ತುಪ್ಪ ತುಂಬಿಕೊಂಡು ಬಂದಳು. ಚೌಡಿ ಮೂಸಿದಳು. ಮನೆಯದೇ ವಾಸನೆ. ಜಾಜಿ ಬಾಯಿಂದ ಒಂದು ತೊಟ್ಟು ಕೊಟ್ಟಳು. ಚೌಡಿ ಚಪ್ಪರಿಸಿದಳು.

"ಹೋಗಕ್ಕ ಒಳಗೆ. ಇನ್ನೂ ಇದ್ದರೆ ತಾ."

ಒಳಗೆ, ಸಾಲುಸಾಲು ಕೋಶಗಳಿರುವ ಮೇಣದ ರಟ್ಟುಗಳಲ್ಲಿ ಮರಿಗಳಿದ್ದವು. ಮನೆಯಲ್ಲಿದ್ದ ನೊಣಗಳಿಗೆಲ್ಲ ವಯಸ್ಸಾಗುತ್ತಿತ್ತು. ಮುಂದಿನ ಹೂಗಾಲಕ್ಕೆ ಸಂಸಾರ ಉಳಿಯಬೇಕಾದರೆ ಈ ಮರಿಗಳು ಬದುಕಲೇಬೇಕು. ತೀರ ಒಳಗಿನ ರಟ್ಟನ್ನು ಸಾಕುತ್ತಿದ್ದವಳು ಕೆಂಚಿ ಎಂಬ ಎಳೆಯ ದಾದಿ. ಅವಳು ಆ ತುಪ್ಪ ನೋಡಿದವಳೇ ಹಿಂದೆ ಸರಿದಳು.

"ಜಾಜಕ್ಕ, ಹೂವಿನಿಂದ ತಂದದ್ದು ನೀರಾಗಿರುತ್ತದೆ. ಇದು ಮಾಗಿ ಗಟ್ಟಿಯಾಗಿದೆ. ಯಾರ ಮನೆಯದು?"

"ಯಾರದಾದರೇನೇ? ಹುತ್ತದಲ್ಲಿ ಬಾಗಿಲು ಹಾರುಹೊಡೆದಿತ್ತು. ಕೇಳುವವರೇ ಇರಲಿಲ್ಲ."

"ಕೇಳುವವರು ಎಲ್ಲಿ ಹೋದರು ಅಂತ ನೀನಾದರೂ ಕೇಳಿಕೊಂಡೆಯಾ?"

ಬಾಗಿಲಿನಿಂದಲೇ ಚೌಡಿ ರೇಗಿದಳು. "ಮನೆಯವಳನ್ನೇ ಅನುಮಾನಿಸುತ್ತೀಯಾ? ಈಗ ನನಗೆ ನಿನ್ನ ಮೇಲೇ ಅನುಮಾನ!"

"ಇರಲಿ ಅಕ್ಕ. ನನ್ನ ರಟ್ಟಿಗೆ ಆ ತುಪ್ಪ ಬೇಡ. ಅದನ್ನು ತಿಂದವರೂ ಇತ್ತ ಬರಬೇಡಿ."

"ಮಹಾರಾಣಿಯವರ ಅಪ್ಪಣೆ!" ಎಂದು ಉಳಿದ ದಾದಿಯರು ನಕ್ಕರು. ಕೆಂಚಿ ಹಳೆಯ ತುಪ್ಪವನ್ನೇ ತೊಟ್ಟುತೊಟ್ಟಾಗಿ ಮರಿಗಳಿಗೆ ಉಣಿಸಿದಳು. ಎಷ್ಟೋ ಸಲ ತಾನು ಉಪವಾಸವಿದ್ದಳು.

ಮಕ್ಕಳೇ, ಆ ತುಪ್ಪದಲ್ಲಿ ಇದ್ದದ್ದು ವೈರಸ್. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಅದರೊಳಗೆ ಇರುವುದು ಆರ್‌ಎನ್‌ಎ ಎಂಬ ಒಂದು ಸಣ್ಣ ಎಳೆ ಮಾತ್ರ. 'ನನ್ನಂಥದ್ದನ್ನೇ ಮಾಡುತ್ತಿರು' ಎಂಬ ಅಪ್ಪಣೆ ಅದು. ನೊಣದ ಮೈಯೊಳಗೆ ಹೊಕ್ಕರೆ ಸಾಕು, ಮೈ ಪಾಪ, ಆ ಅಪ್ಪಣೆಯನ್ನು ಪಾಲಿಸತೊಡಗುತ್ತದೆ. ದೊಡ್ಡವರು ಅದನ್ನು ಹೊತ್ತು ಆರಾಮವಾಗಿ ಓಡಾಡಿಕೊಂಡಿರಬಹುದು. ಮರಿಗಳು ತಾಳಲಾರವು.

ಹೊರಗಿನ ರಟ್ಟುಗಳಲ್ಲಿ ಮರಿಗಳು ಊದಿಕೊಂಡವು. ಒಂದೊಂದೇ ಸತ್ತವು. ಚೌಡಿ ಹುಚ್ಚಿಯಂತೆ ಓಡಾಡಿದಳು. ಇರುವೆ ವಿಷ ಹಾಕಿತೇ? ಪತಂಗ ನುಗ್ಗಿತೇ? ಕೊನೆಗೆ ಕೆಂಚಿಯ ಮುಂದೆ ಬಂದು ನಿಂತಳು.

"ಎಲ್ಲರ ಮರಿಗಳೂ ಸತ್ತವು. ನಿನ್ನವು ಮಾತ್ರ ಹೇಗೆ ಉಳಿದವು? ಏನು ಮಾಡಿದೆ, ಹೇಳು!"

"ಆ ತುಪ್ಪ ಮುಟ್ಟಿಸಲಿಲ್ಲ, ಅಷ್ಟೇ."

"ಸುಳ್ಳು! ಸರಿ ಆಚೆ, ನಾನೇ ನೋಡುತ್ತೇನೆ."

ಕೆಂಚಿ ಕದಲಲಿಲ್ಲ. ಚೌಡಿ ಮುಂದೆ ಬರಲು ಕಾಲೆತ್ತಿದಳು.

"ನಾನು ಕಳ್ಳಿಯೇನೇ? ಬೇಕಾದರೆ ಮೂಸಿ ನೋಡು, ಮನೆಯದೇ ವಾಸನೆ."

"ಜಾಜಕ್ಕನದೂ ಮನೆಯದೇ ವಾಸನೆಯಾಗಿತ್ತು, ಚೌಡಕ್ಕ."

ಚೌಡಿಯ ಎತ್ತಿದ ಕಾಲು ಅಲ್ಲೇ ನಿಂತಿತು. ಜಾಜಿಯ ಬಾಯಿಂದ ತಾನು ಚಪ್ಪರಿಸಿದ ತೊಟ್ಟು ನೆನಪಾಯಿತು. ಕೆಂಚಿಯ ಬೆನ್ನ ಹಿಂದೆ ಪುಟ್ಟ ಮರಿಯೊಂದು ಹಸಿದು ಬಾಯಾಡಿಸುತ್ತಿತ್ತು. ಚೌಡಿ ಮೆಲ್ಲಗೆ ಹಿಂದೆ ಸರಿದಳು. ದಾರಿಯಲ್ಲಿ ಯಾರನ್ನೂ ಮುಟ್ಟದೆ ಬಾಗಿಲಿಗೆ ಬಂದಳು.

ಅಷ್ಟರಲ್ಲಿ ಜಾಜಿ ಮತ್ತೆ ಹೊಟ್ಟೆ ತುಂಬಿಕೊಂಡು ಬಂದಿಳಿದಳು. ಚೌಡಿ ಅಡ್ಡ ನಿಂತಳು.

"ದಾರಿ ಬಿಡೇ. ನಾನು ಜಾಜಿ, ಗೊತ್ತಾಗಲಿಲ್ಲವಾ?"

"ಗೊತ್ತಾಯಿತು. ಆದರೂ ಬಿಡುವುದಿಲ್ಲ."

"ನನ್ನ ಮನೆಗೆ ನನ್ನನ್ನೇ ಬಿಡುವುದಿಲ್ಲವೇ?"

"ಸಿಟ್ಟಾಗಬೇಡ ಅಕ್ಕ. ನಾನೂ ಒಳಗೆ ಹೋಗುವುದಿಲ್ಲ. ಬಾ, ಇಲ್ಲೇ ತೊಗಟೆಯ ಮೇಲೆ ಕೂರೋಣ."

ಇದನ್ನು ಕೇಳಿ, ಆ ತುಪ್ಪ ತಿಂದವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಂದು ಅವರ ಪಕ್ಕದಲ್ಲಿ ಕೂತರು. ಒಳಗೆ ಕೆಂಚಿ, ಇನ್ನು ನೊಣಗಳಾಗಲಿರುವ ಬಲಿತ ಮರಿಗಳ ಕೋಶಗಳಿಗೆ ಮೇಣದ ಮುಚ್ಚಳ ಹಾಕತೊಡಗಿದಳು.

ನೀತಿ: ತಂದವರು ನಮ್ಮವರೇ ಎಂದು ಸುಮ್ಮನಾಗಬಾರದು; ಏನು ತಂದರು, ಎಲ್ಲಿಂದ ತಂದರು ಎಂದು ಅವರನ್ನೂ ಕೇಳಬೇಕು, ನಮ್ಮನ್ನೂ ಕೇಳಿಕೊಳ್ಳಬೇಕು.