ಪೆಟ್ಟಿಗೆಯಲ್ಲಿ ಹಿಡಿಸದ ಊರು

ಶಿಷ್ಯ ಕೇಳಿದ: "ಗುರುಗಳೇ, ಪರದೆಯ ಮೇಲೆ ಒಂದು ಡ್ರಾಪ್‌ಡೌನ್ ಪೆಟ್ಟಿಗೆ ಇಟ್ಟಿದ್ದೇನೆ. ಒತ್ತಿದರೆ ಊರುಗಳ ಹೆಸರುಗಳು ಸಾಲಾಗಿ ಕೆಳಗಿಳಿಯುತ್ತವೆ. ಹೆಸರು ಪೆಟ್ಟಿಗೆಗಿಂತ ಉದ್ದವಾದರೆ ಏನು ಮಾಡಲಿ? ಪೆಟ್ಟಿಗೆ ಅಗಲ ಮಾಡಿದರೆ ಪರದೆಯ ಅಂದ ಕೆಡುತ್ತದೆ. ಬಾಲ ಕತ್ತರಿಸಿ ಮೂರು ಚುಕ್ಕಿ ಇಟ್ಟರೆ ಸಾಲದೇ?"

ಗುರುಗಳು ಕಂಪ್ಯೂಟರ್ ಕೆಲಸ ಕಲಿಸುವವರು. ಶಿಷ್ಯನ ಪರದೆಯನ್ನು ಬಗ್ಗಿ ನೋಡಿ, "ಅಂದವಾಗಿಯೇ ಇದೆ," ಎಂದರು. ಶಿಷ್ಯ ಹಿಗ್ಗಿದ. "ಇಷ್ಟೇ ಅಂದದ ಪೆಟ್ಟಿಗೆ ಮಾಡಿದವನು ಇನ್ನೊಬ್ಬನಿದ್ದ. ಅವನ ಕತೆ ಕೇಳು," ಎಂದು ಹೇಳತೊಡಗಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ದನಕರುಗಳಿಗೆ ಕಷ್ಟ ಬಂದಾಗ ಫೋನ್ ಮಾಡಿದರೆ ವೈದ್ಯರ ವ್ಯಾನು ಕಳುಹಿಸುವ ಒಂದು ಕೇಂದ್ರಕ್ಕೆ ಅವನು ಪ್ರೋಗ್ರಾಂ ಬರೆದುಕೊಟ್ಟ. ಪರದೆಯ ಮೇಲೆ ಮೂರು ಪೆಟ್ಟಿಗೆ: ಜಿಲ್ಲೆ, ತಾಲ್ಲೂಕು, ಊರು. ಮೂರಕ್ಕೂ ಒಂದೇ ಅಗಲ. ನೂಲು ಹಿಡಿದ ಹಾಗೆ ನೇರ. ಅವನು ದೂರ ನಿಂತು ನೋಡಿದ, ಹತ್ತಿರ ಬಂದು ನೋಡಿದ, ಊಟಕ್ಕೆ ಹೋಗಿ ಬಂದು ಮತ್ತೆ ನೋಡಿದ. ಪೆಟ್ಟಿಗೆಯೊಳಗಿನ ಊರುಗಳನ್ನು ಮಾತ್ರ ಒಮ್ಮೆಯೂ ಓದಲಿಲ್ಲ.

ಆ ಸೀಮೆಯಲ್ಲಿ ಕಂಚುಗಾರನ ಕೆರೆ ಎಂಬ ದೊಡ್ಡ ಕೆರೆಯಿತ್ತು. ಅದರ ಎರಡು ದಂಡೆಗೆ ಎರಡು ಊರು. ಎರಡರ ಹೆಸರೂ ಹೊಸಹಳ್ಳಿ. ನಮ್ಮ ನಾಡಿನಲ್ಲಿ ಹೊಸಹಳ್ಳಿಗಳಿಗೇನು ಕೊರತೆಯೇ? ಅದಕ್ಕೇ ಯಾರಾದರೂ ಹೊಸಹಳ್ಳಿ ಎಂದರೆ, ಎದುರಿಗಿದ್ದವರು 'ಯಾವ ಹೊಸಹಳ್ಳಿ?' ಎಂದು ಕೇಳಿಯೇ ಮುಂದಿನ ಮಾತಾಡುತ್ತಾರೆ. ಪಟ್ಟಿ ಮಾಡಿದವರೂ ಈ ವಾಡಿಕೆ ಮರೆತಿರಲಿಲ್ಲ. 'ಹೊಸಹಳ್ಳಿ, ಕಂಚುಗಾರನ ಕೆರೆ, ಪಡುವಲ ದಂಡೆ' ಎಂದು ಒಂದನ್ನು ಬರೆದಿದ್ದರು. 'ಹೊಸಹಳ್ಳಿ, ಕಂಚುಗಾರನ ಕೆರೆ, ಮೂಡಲ ದಂಡೆ' ಎಂದು ಇನ್ನೊಂದನ್ನು ಬರೆದಿದ್ದರು. ಪೆಟ್ಟಿಗೆಯ ಅಗಲ ಕೆರೆಯ ತನಕ ಬಂದು ಮುಗಿಯುತ್ತಿತ್ತು. ದಂಡೆ ಮುಟ್ಟುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೂಡಲ ದಂಡೆಯಲ್ಲಿ ಒಬ್ಬ ಹೆಂಗಸಿನ ಎಮ್ಮೆ ಈಯಲಾರದೆ ಒದ್ದಾಡತೊಡಗಿತು. ಕರುವಿನ ಒಂದು ಕಾಲು ಹೊರಗೆ ಬಂತು, ಇನ್ನೊಂದು ಒಳಗೇ ಸಿಕ್ಕಿಕೊಂಡಿತು. ಆ ಎಮ್ಮೆ ಎಳೆಗರುವಾಗಿದ್ದಾಗಿನಿಂದ ಅವಳೇ ಅದನ್ನು ಕೈಯಾರೆ ಸಾಕಿದ್ದಳು. ಅದರ ಕೂಗು ಕೇಳಿ ಅವಳಿಗೆ ಅಳು ತಡೆಯಲಾಗಲಿಲ್ಲ. ಕೇಂದ್ರಕ್ಕೆ ಫೋನ್ ಮಾಡಿ, 'ಮೂಡ್ಲ ಹೊಸಳ್ಳಿ ಕಣಮ್ಮ, ಬೇಗ ಕಳ್ಸಿ, ಎಮ್ಮೆ ಉಳಿಯೋ ಹಂಗೆ ಕಾಣ್ತಿಲ್ಲ,' ಎಂದಳು.

ಫೋನ್ ಎತ್ತಿದ ಹುಡುಗಿ ಪೆಟ್ಟಿಗೆ ಒತ್ತಿದಳು. 'ಹೊಸಹಳ್ಳಿ, ಕಂಚುಗಾರನ ಕೆರೆ...' ಎಂಬ ಸಾಲು ಒಂದರ ಕೆಳಗೊಂದು ಎರಡು ಸಲ ಕಂಡಿತು. ಯಾರೋ ಕೈತಪ್ಪಿ ಒಂದೇ ಊರನ್ನು ಎರಡು ಸಲ ಸೇರಿಸಿದ್ದಾರೆ ಎಂದುಕೊಂಡಳು. ಮೇಲಿನದನ್ನು ಆರಿಸಿದಳು. ಮೇಲಿನದು ಪಡುವಲ ದಂಡೆಯದು.

ವ್ಯಾನು ತಡಮಾಡಲಿಲ್ಲ. ವೈದ್ಯ ಪಡುವಲ ಹೊಸಹಳ್ಳಿಯಲ್ಲಿ ಇಳಿದು, ಕಷ್ಟದಲ್ಲಿರುವ ಎಮ್ಮೆ ಎಲ್ಲಿ ಎಂದು ಕೇಳಿದ. ಅಲ್ಲಿ ಎಮ್ಮೆಗಳು ಬೇಕಾದಷ್ಟಿದ್ದವು. ಎಲ್ಲವೂ ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದವು. ಊರಿನವರಿಗೆ ಸಂಗತಿ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಒಬ್ಬ ಮೀನುಗಾರ ನೀರಿನ ಆಚೆಗೆ ಕೈ ತೋರಿಸಿದ. ರಸ್ತೆ ಹಿಡಿದರೆ ಇಡೀ ಕೆರೆ ಬಳಸಿ ಹೋಗಬೇಕು, ಅಷ್ಟು ಹೊತ್ತು ಎಮ್ಮೆ ತಾಳದು. ಅವನು ಬಲೆಯನ್ನು ದಡಕ್ಕೆ ಎಸೆದು, ವೈದ್ಯನನ್ನು ತನ್ನ ತೆಪ್ಪದಲ್ಲಿ ಕೂರಿಸಿಕೊಂಡು ಹೊರಟ.

ಮೂಡಲ ದಂಡೆಯಲ್ಲಿ ಆ ಹೆಂಗಸು ಎಮ್ಮೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ವೈದ್ಯ ಬಂದಾಗ ಎಮ್ಮೆಗೆ ಕೂಗುವ ತ್ರಾಣವೂ ಉಳಿದಿರಲಿಲ್ಲ. ಅವನು ಒಳಗೆ ಕೈಯಿಟ್ಟು, ಮಡಚಿಕೊಂಡಿದ್ದ ಕಾಲನ್ನು ನೇರ ಮಾಡಿ ಎಳೆದ. ಕರು ಹೊರಗೆ ಬಂದು ಉಸಿರಾಡಿತು. ಎಮ್ಮೆಯೂ ಉಳಿಯಿತು. ಸ್ವಲ್ಪ ತಡವಾಗಿದ್ದರೆ ಎರಡನ್ನೂ ಕಳೆದುಕೊಳ್ಳುತ್ತಿದ್ದೆವು ಎಂದು ವೈದ್ಯ ಕೇಂದ್ರಕ್ಕೆ ತಿಳಿಸಿದ.

ಕೇಂದ್ರದಲ್ಲಿ ಎಲ್ಲರೂ ಹುಡುಗಿಯನ್ನು ಬೈದರು. ಪ್ರೋಗ್ರಾಮರನನ್ನೂ ಕರೆಸಿದರು. ಅವನು ಪೆಟ್ಟಿಗೆ ಒತ್ತಿ ಆ ಎರಡು ಸಾಲು ನೋಡಿದ. ಮುಖ ಸಪ್ಪಗಾಯಿತು. 'ಅವಳನ್ನು ಬೈಯಬೇಡಿ, ನಾನು ತೋರಿಸಿದಷ್ಟನ್ನು ಅವಳು ಓದಿದ್ದಾಳೆ,' ಎಂದು ಕೆಲಸಕ್ಕೆ ಕೂತ.

ಮೊದಲು ಅಕ್ಷರಗಳನ್ನು ಸಣ್ಣ ಮಾಡಿದ. ಹೆಸರು ಪೂರ್ತಿ ಹಿಡಿಸಿತು, ಆದರೆ ಓದಲು ಹುಡುಗಿ ಪರದೆಗೆ ಮೂಗು ತಾಗಿಸಬೇಕಾಯಿತು. ಆಮೇಲೆ ಪೆಟ್ಟಿಗೆಯನ್ನೇ ಅಗಲ ಮಾಡಿದ. ಕೇಂದ್ರದ ಹಳೆಯ ಪರದೆಗಳಲ್ಲಿ 'ವ್ಯಾನು ಕಳುಹಿಸಿ' ಎಂಬ ಬಟನ್ ಅಂಚು ದಾಟಿ ಕಾಣೆಯಾಯಿತು. ಈಗ ಊರು ಪೂರ್ತಿ ಕಾಣುತ್ತದೆ, ವ್ಯಾನು ಮಾತ್ರ ಹೊರಡುವುದಿಲ್ಲ! ಹುಡುಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವನಿಗೆ ತಲೆ ಓಡಲಿಲ್ಲ. ನಾಚಿಕೆಯೂ ಆಗಿತ್ತು. ತಪ್ಪು ಒಪ್ಪಿಕೊಳ್ಳೋಣವೆಂದು ಆ ಹೆಂಗಸಿನ ಮನೆಗೇ ಹೋದ. ಅವಳು ಮಾತಾಡಗೊಡಲಿಲ್ಲ. ಮೂಲೆಯಲ್ಲಿ ಸುತ್ತಿ ನಿಲ್ಲಿಸಿದ್ದ ಚಾಪೆ ತಂದು ಬಿಚ್ಚಿ ಹಾಸಿದಳು. ತಟ್ಟೆಯಲ್ಲಿ ಗಿಣ್ಣು ತಂದಿಟ್ಟಳು.

'ಯಾವೂರಪ್ಪ ನಿಂದು?' ಎಂದಳು.

'ರಾಮಪುರ.'

'ಯಾವ ರಾಮಪುರ?'

'ಗುಡ್ಡದ ಕೆಳಗಿನದು.'

'ಹಂಗ್ ಹೇಳು ಮತ್ತೆ. ಅರ್ಧ ಹೇಳಿ ನಿಲ್ಸುದ್ರೆ ನಾವು ನಿಮ್ಮೂರಿಗೆ ಬರೋದ್ ಹೆಂಗೆ?' ಎಂದು ನಕ್ಕಳು.

ಅವನಿಗೆ ನಗು ಬರಲಿಲ್ಲ. ಗಿಣ್ಣು ತಿನ್ನುತ್ತಾ ತಾನು ಕೂತಿದ್ದ ಚಾಪೆಯನ್ನೇ ನೋಡಿದ. ಬೇಡದಾಗ ಅದಕ್ಕೆ ಗೇಣಗಲದ ಮೂಲೆ ಸಾಕು. ಬಂದವರು ಕೂರುವಾಗ ಕೋಣೆಯಷ್ಟಗಲ ಹರಡಿಕೊಳ್ಳುತ್ತದೆ. ಎದ್ದವನು ಕರುವಿನ ಮೈ ಒಮ್ಮೆ ಸವರಿ, ಓಡುವವನ ಹಾಗೆ ಕೇಂದ್ರಕ್ಕೆ ಮರಳಿದ.

ಅಂದಿನಿಂದ ಆ ಪೆಟ್ಟಿಗೆ ಮುಚ್ಚಿದಾಗ ಮೊದಲಿನಷ್ಟೇ ಚಿಕ್ಕದು. ಒತ್ತಿದರೆ ತನ್ನೊಳಗಿನ ಎಲ್ಲ ಹೆಸರನ್ನೂ ಅಳೆದು, ಎಲ್ಲಕ್ಕಿಂತ ಉದ್ದದ ಹೆಸರು ಹಿಡಿಸುವಷ್ಟು ಅಗಲಕ್ಕೆ ಪಟ್ಟಿ ತೆರೆದುಕೊಳ್ಳುತ್ತದೆ. ಪರದೆಯ ಅಂಚು ಅಡ್ಡ ಬಂದರೆ ಪಕ್ಕಕ್ಕೆ ಸರಿದುಕೊಳ್ಳುತ್ತದೆ. ಆರಿಸಿದ ಊರಿನ ಹೆಸರು ಪೆಟ್ಟಿಗೆಯ ಕೆಳಗೆ ಪೂರ್ತಿಯಾಗಿ ಮೂಡುತ್ತದೆ. ನಾಳೆ ಇನ್ನೂ ಉದ್ದದ ಹೆಸರಿನ ಊರು ಬಂದು ಸೇರಿದರೂ ಪಟ್ಟಿ ತಾನೇ ಜಾಗ ಮಾಡಿಕೊಡುತ್ತದೆ. ಮುಂದೊಮ್ಮೆ ಅದೇ ಎಮ್ಮೆ ಮತ್ತೆ ಈಯುವಾಗ ಆ ಹೆಂಗಸು ಫೋನ್ ಮಾಡಿದಳು. ವ್ಯಾನು ನೇರ ಅವಳ ಕೊಟ್ಟಿಗೆಯ ಮುಂದೆ ಬಂದು ನಿಂತಿತು.

ಗುರುಗಳ ಕತೆ ಮುಗಿಯಿತು. ಶಿಷ್ಯ ತನ್ನ ಪಟ್ಟಿಯನ್ನು ಮೊದಲ ಸಲ ಮೇಲಿನಿಂದ ಕೆಳಗಿನ ತನಕ ಓದಿದ. ಓದಿ ತಲೆಯೆತ್ತಿದ.

"ಗುರುಗಳೇ, ನನ್ನ ಪೆಟ್ಟಿಗೆಯಲ್ಲಿ ಹಿಡಿಸದ ಊರು ಒಂದೇ ಒಂದು. ಅದೊಂದಕ್ಕಾಗಿ ಇಷ್ಟೆಲ್ಲ ಮಾಡಬೇಕೇ?"

ಗುರುಗಳು ಹೇಳಿದರು: "ಆ ಊರಿನವರಿಗೂ ಇರುವುದು ಅದೊಂದೇ ಊರು."

ಶಿಷ್ಯ ಪರದೆಯ ಕಡೆ ತಿರುಗಿ, ಆ ಹೆಸರು ಪೂರ್ತಿ ಹಿಡಿಸುವ ಹಾಗೆ ಪಟ್ಟಿ ತೆರೆಯಿಸಲು ಕೂತ.