ಟಾಂಗ್ ದೊರೆಯ ಪ್ಲಾಸ್ಟಿಕ್ ಸ್ಟೂಲು

ಚೀನಾದ ಚೆಂಗ್ಡು ಪಟ್ಟಣದ ಒಂದು ದೊಡ್ಡ ಮಾಲಿನ ಆರನೇ ಮಹಡಿಯಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಟಾಂಗ್ ದೊರೆಗಳ ಕಾಲದ್ದೇ ಅನ್ನಿಸುವಂಥ ಬೀದಿಯೊಂದನ್ನು ಕಟ್ಟಿದ್ದರು. ಅಲ್ಲಿ ಚಹಾ ಮಾರುವ ಷಾವ್ ಅಜ್ಜಿಗೆ ಮಂಡಿನೋವು. ಕೂರಲು ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲು ಇಟ್ಟುಕೊಂಡಿದ್ದಳು. ಮ್ಯಾನೇಜರ್ ಗೌ ಅದನ್ನು ಕಂಡವನೇ ಕಿತ್ತುಕೊಂಡ.

"ಆ ಕಾಲದಲ್ಲಿ ಇಲ್ಲದ ಒಂದೇ ಒಂದು ವಸ್ತು ಈ ಬೀದಿಗೆ ಬಂದರೂ ನಿನ್ನ ಅಂಗಡಿ ಖಾಲಿ ಮಾಡಿಸ್ತೀನಿ. ಬೀದಿ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ನೀನೇ ತಪಾಸಣೆ ಮಾಡು!"

"ಆಗಲಿ ಸಾಹೇಬ್ರೇ," ಅಂದಳು ಅಜ್ಜಿ.

ಮರುದಿನ ಗೌ ಬೀದಿ ತೋರಿಸಲು ನಾಲ್ಕು ಜನ ಸಂಸ್ಕೃತಿ ತಜ್ಞರನ್ನು ಕರೆತಂದ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಅಪ್ಪಣೆ ನಿಮ್ಮದೇ ಸಾಹೇಬ್ರೇ. ಫೋನು ಕೊಡಿ."

ತಜ್ಞರ ಎದುರು ಬೇರೆ ದಾರಿಯಿಲ್ಲದೆ ಕೊಟ್ಟ. ಕೈಗಡಿಯಾರವೂ ಹೋಯಿತು. ಅಜ್ಜಿಯ ಕಣ್ಣು ಮೆಲ್ಲಗೆ ಕೆಳಗಿಳಿಯಿತು.

"ಪ್ಯಾಂಟಿಗೆ ಜಿಪ್ ಇದೆಯಲ್ಲ? ಆ ಕಾಲದಲ್ಲಿ ಎಲ್ಲಿತ್ತು? ಬಿಚ್ಚಿ."

ತಜ್ಞರೂ ಬಗ್ಗಿ ನೋಡಿದರು. ಗೌ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬೆವರಿದ. "ಇತ್ತು ಅಜ್ಜಿ! ಟಾಂಗ್ ದೊರೆಗಳ ಕಾಲದಲ್ಲಿ ಎಲ್ಲಾ ಇತ್ತು!"

"ಪ್ಲಾಸ್ಟಿಕ್ ಸ್ಟೂಲು?"

"ದೊರೆ ಕೂರ್ತಿದ್ದದ್ದೇ ಅದರ ಮೇಲೆ!"

ಓಡಿಹೋಗಿ ಸ್ಟೂಲು ತಂದಿಟ್ಟ. ತಜ್ಞರು ನಾಲ್ವರೂ ಅದಕ್ಕೆ ಭಕ್ತಿಯಿಂದ ತಲೆಬಾಗಿದರು.

"ಸ್ವಲ್ಪ ಸರ್ಕೊಳ್ರಪ್ಪ, ಮಂಡಿ ನೋಯ್ತಿದೆ," ಎಂದು ಅಜ್ಜಿ ಸಿಂಹಾಸನದ ಮೇಲೆ ಕೂತಳು.